ಸುಳ್ಳೂರಿನ ಮಳೆಯ ವಾಹನ

ಮುಂಡರಗಿ ಪೇಟೆಯಲ್ಲಿ ಗಾದಿ ಹೊಲಿಯುವ ನಬಿಸಾಬನಿಗೆ ಎರಡು ಕಸುಬು. ಹೊತ್ತು ಮೂಡಿದಾಗಿನಿಂದ ಹತ್ತಿ ಹಿಂಜುವುದು ಒಂದು, ಇಳಿಹೊತ್ತಿಗೆ ಮಳೆ ಸುರಿಸುವುದು ಇನ್ನೊಂದು. ಮೊದಲನೆಯದರಿಂದ ಹೊಟ್ಟೆ ತುಂಬುತ್ತಿತ್ತು, ಎರಡನೆಯದರಿಂದ ಹೆಂಡತಿ ಮೋತಿಬಿಯ ಬೈಗುಳ ಸಿಗುತ್ತಿತ್ತು.

ಆ ಮಳೆ ಬೀಳುತ್ತಿದ್ದುದು ಸುಳ್ಳೂರಿನಲ್ಲಿ. ಎಪ್ಪತ್ತೆಂಟನೇ ಇಸವಿಯ ಸುಮಾರಿಗೆ ಅವನು ಅಂಗಡಿಯ ಹಾಸುಗಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆದ ಆಟದ ರಾಜ್ಯವದು: ಎರಡು ಗುಡ್ಡ, ಒಂದು ಅಡವಿ, ನಡುವೆ ಹೊಳೆ. ಬಸ್ ಕಂಡಕ್ಟರ್ ಹೇಮಪ್ಪ ಅಲ್ಲಿ ಕಳ್ಳ, ಶೇಂಗಾ ವ್ಯಾಪಾರಿ ಅಂದಾನಪ್ಪ ರಾಜ. ಏನು ಮಾಡುತ್ತೇವೆಂದು ಆಡುವವರು ಬಾಯಲ್ಲಿ ಹೇಳಬೇಕು, ಆಗುತ್ತದೋ ಇಲ್ಲವೋ ಎಂದು ಕವಡೆ ಹೇಳಬೇಕು. ಬಿಸಿಲು, ಗಾಳಿ, ಮಳೆ ಮಾತ್ರ ನಬಿಸಾಬನ ಪಾಲು, ಅವೂ ಅವನು ಚೆಲ್ಲಿದ ಕವಡೆ ಬಿದ್ದಂತೆ. ಹಿಂಜಿದ ಹತ್ತಿಯನ್ನು ಮೋಡ ಮಾಡಿ ಗುಡ್ಡದ ಮೇಲೆ ಇಡುತ್ತಿದ್ದ.

"ಸುಳ್ಳ ಮಳಿಗೆ ಖರೆ ಹತ್ತಿ ಹಾಳ ಮಾಡ್ತೀರಲ್ಲ" ಎಂದು ಒಳಗಿನಿಂದ ಮೋತಿಬಿ ಅನ್ನುತ್ತಿದ್ದಳು.

ಪಂಚಾಂಗದಲ್ಲಿ ಒಂದೊಂದು ಮಳೆಗೆ ಒಂದೊಂದು ವಾಹನ ಬರೆದಿರುತ್ತಾರಷ್ಟೆ. ನರಿಯಾದರೆ ನಾಲ್ಕು ಹನಿ, ಆನೆಯಾದರೆ ಮಹಾಪೂರ. ಊರವರು ಓದಿ ಬಿಡುತ್ತಾರೆ, ನಬಿಸಾಬ ಬಿಡಲಿಲ್ಲ. ವಾಹನ ಎಂದಮೇಲೆ ಮಳೆ ಅದರ ಮೇಲೆ ಕೂತೇ ಬರಬೇಕಲ್ಲ? ಹೀಗಾಗಿ ಸುಳ್ಳೂರಿನಲ್ಲಿ ನರಿಯ ಮಳೆ ಬಂದರೆ ನರಿಯೂ ಬಂದು, ಹೇಮಪ್ಪ ಕದ್ದ ಕೋಳಿಯನ್ನು ಎತ್ತಿಕೊಂಡು ಹೋಗುತ್ತಿತ್ತು. ಆದರೆ ಕವಡೆ ತಂದ ಮಳೆಯನ್ನು ನಬಿಸಾಬ ಎಂದೂ ತಿದ್ದಿದವನಲ್ಲ. ಚಹಾ ಕುಡಿಸಿದವರಿಗೂ ಬಿಸಿಲು ಕೊಟ್ಟವನಲ್ಲ.

ಅಂದಾನಪ್ಪನಿಗೆ ಮೂವತ್ತಾರು ತುಂಬಿದರೂ ಮದುವೆಯಿಲ್ಲ. ಕೊರ್ಲಹಳ್ಳಿಯ ರೇಣುಕವ್ವನನ್ನು ನೋಡಲು ಎರಡು ಸಲ ಹೊರಟು, ಮೋಡ ಕವಿದಿದೆ ಎಂದು ಬಸ್ ನಿಲ್ದಾಣದಿಂದಲೇ ವಾಪಸಾಗಿದ್ದ. ಎರಡೂ ದಿನ ಒಂದು ಹನಿಯೂ ಬೀಳಲಿಲ್ಲ. ಕುಣಿಯಲಾರದವನು ನೆಲ ಡೊಂಕು ಅಂದನಂತೆ. ನಾಳೆಯೂ ಬರದಿದ್ದರೆ ಬೇರೆ ಕಡೆ ಕೊಡುತ್ತೇವೆ ಎಂದು ಹೆಣ್ಣಿನ ಮನೆಯವರು ಹೇಳಿ ಕಳಿಸಿದ್ದರು.

ಅಂದು ಸುಳ್ಳೂರಿನ ರಾಜ ಹೊಳೆಯ ದಂಡೆಯಲ್ಲಿ ನಿಂತಿದ್ದ. ಆಚೆ ದಡದಲ್ಲಿ ಅವನು ಸೇರಬೇಕಾದ ರಾಣಿ.

"ರಾಜಾ ಹೊಳಿ ದಾಟಿದ್ರ ನಾಳೆ ನಾನೂ ಕೊರ್ಲಹಳ್ಳಿಗೆ ಹೋಗ್ತೀನಿ. ಇಲ್ಲಂದ್ರ ಇಲ್ಲ" ಎಂದ ಅಂದಾನಪ್ಪ.

"ಆಣಿ ಮಾಡು" ಎಂದ ಹೇಮಪ್ಪ.

ಅಂದಾನಪ್ಪ ಆಣೆ ಮಾಡಿದ. ನಬಿಸಾಬ ಕವಡೆ ಕುಲುಕಿ ಚೆಲ್ಲಿದ. ಆರಕ್ಕೆ ಆರೂ ಅಂಗಾತ ಬಿದ್ದವು: ಹಸ್ತದ ಮಳೆ, ಆನೆ ವಾಹನ. ಅಂದಾನಪ್ಪನ ಮುಖ ಅರಳಿತು.

"ಆತು ಬಿಡು. ಮಹಾಪೂರ. ನಾ ಏನ್ ಮಾಡಾಕ ಬರತೈತಿ?"

ನಬಿಸಾಬನಿಗೆ ಸಂಕಟವಾಯಿತು. ಒಂದು ಕವಡೆಯನ್ನು ಬೆರಳಿಂದ ಮಗುಚಿದ್ದರೆ ಗೆಳೆಯನ ಸಂಸಾರವಾಗುತ್ತಿತ್ತು, ಆದರೆ ತನ್ನ ಮಳೆಯ ಮಾತನ್ನು ಆಮೇಲೆ ಯಾರು ನಂಬುತ್ತಾರೆ? ಮೋಡವನ್ನೆಲ್ಲ ತಂದು ಹೊಳೆಯ ಮೇಲೆ ಹರಡಿದ. ಹರಡುತ್ತಿದ್ದಂತೆ ಮೀಸೆಯಲ್ಲೇ ನಗು ಬಂತು.

"ಮಳಿ ಯಾತರ ಮ್ಯಾಲ ಬಂತಪಾ?"

"ಆನಿ ಮ್ಯಾಲ."

"ಆನಿ ಹೊಳಿ ದಾಟತೈತೋ ಇಲ್ಲೋ?"

ಅಂದಾನಪ್ಪ ಚಪ್ಪಲಿ ಹುಡುಕತೊಡಗಿದ.

"ಏರಲೇ ರಾಜಾ, ಆನಿ ನಿಂತೈತಿ" ಎಂದ ನಬಿಸಾಬ. ಒಳಗೆ ಮೋತಿಬಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ಮರುದಿನ ರಣಬಿಸಿಲು. ಹೇಮಪ್ಪ ಅಂದಾನಪ್ಪನನ್ನು ತನ್ನ ಬಸ್ಸಿಗೇ ಹತ್ತಿಸಿಕೊಂಡು ಹೋದ. ನಬಿಸಾಬ ದಿನವಿಡೀ ಒಂದೇ ಗಾದಿಯನ್ನು ಹೊಲಿದು ಬಿಚ್ಚಿದ. ಸಂಜೆ ಅಂದಾನಪ್ಪ ಬಂದು ಹಾಸುಗಲ್ಲಿನ ಪಕ್ಕ ಕುಳಿತ.

"ಏನಾತು?"

"ಎರಡು ಸಲ ಯಾಕ ಬರಲಿಲ್ರಿ ಅಂತ ಕೇಳಿದ್ಲು. ಮಳಿ ಅನ್ನಾಕ ಬಾಯಿ ತೆಗೆದೆ, ಖರೇ ಮಾತ ಹೊರಗ ಬಂತು. ಅಂಜಿಕಿ ಆಗಿತ್ತು ಅಂದೆ."

"ಆಕಿ ಏನಂದ್ಲು?"

"ನೀವು ಬರಲಿಲ್ಲಂತ ಗೊತ್ತಾದಾಗ ನನಗೂ ಜೀವ ಹಗುರಾಗಿತ್ರಿ ಅಂದ್ಲು. ಇವತ್ತ ಮಾತ್ರ ಮುಂಜಾನಿಂದ ಬಸ್ಸಿನ ಸಪ್ಪಳಾ ಕೇಳಿಕೋತ ಕುಂತಿದ್ದೆ ಅಂದ್ಲು."