ಪರದೇಶಿ ದೇವಿರಮ್ಮ

ದೇವಿರಮ್ಮನವರನ್ನು ದೇಶ ಬಿಡಿಸಲು ಸರ್ಕಾರಕ್ಕೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಅದನ್ನು ಆ ಪುಣ್ಯಾತ್ಗಿತ್ತಿ ತಾವೇ ಹೋಗಿ ಕೊಟ್ಟು ಬಂದಿದ್ದರು.

೧೯೬೫ರಲ್ಲಿ ಲಷ್ಕರ್ ಮೊಹಲ್ಲಾದ ನನ್ನ ವಕೀಲಿ ಕಚೇರಿಗೆ ಅವರು ಬಂದಾಗ ಸೆರಗಿನ ಗಂಟಿನಲ್ಲೊಂದು ನೋಟೀಸಿತ್ತು. ಹದಿನೈದು ದಿನದೊಳಗೆ ಭಾರತ ಬಿಡಬೇಕು. ಅದರಲ್ಲಿ ಹನ್ನೊಂದು ದಿನ ಆಗಲೇ ಕಳೆದಿತ್ತು. ನನಗೆ ಕೋಪ ನೆತ್ತಿಗೇರಿತು.

"ಇಷ್ಟು ದಿನ ಏನು ಮಾಡ್ತಿದ್ರಿ?"

"ಹಿಟ್ಟು ರುಬ್ತಿದ್ದೆ ಕಣಪ್ಪ," ಎಂದರು. ಸರಸ್ವತಿಪುರಂನ ವಿದ್ಯಾರ್ಥಿ ಮೆಸ್ಸೊಂದರಲ್ಲಿ ಅವರಿಗೆ ಅದೇ ಕೆಲಸ.

ಹುಟ್ಟಿದ್ದು ನಂಜನಗೂಡಿನ ಪಕ್ಕದ ಹಳ್ಳಿಯಲ್ಲಿ. ಮದುವೆಯಾದ ವರ್ಷವೇ ಗಂಡ ಹುಚ್ಚಯ್ಯ ಮರಗೆಲಸ ಹುಡುಕಿಕೊಂಡು ರಂಗೂನಿಗೆ ಕರೆದುಕೊಂಡು ಹೋದ. ಬರ್ಮಾ ಸ್ವತಂತ್ರವಾದ ಮೇಲೆ, ಅಲ್ಲಿ ಹಾಕಿದ್ದ ಮರಗೆಲಸದ ಅಂಗಡಿ ಉಳಿಸಿಕೊಳ್ಳಲು ಅಲ್ಲಿಯ ಪೌರನಾಗಿ, ಹೆಂಡತಿಯ ಹೆಸರನ್ನೂ ಅರ್ಜಿಗೆ ತಾನೇ ಸೇರಿಸಿದ. ಇವರು ಅದನ್ನು ರೇಷನ್ ಕಾಗದವೆಂದೇ ನಂಬಿದ್ದರು. ಗಂಡ ತೀರಿಕೊಂಡ, ಅಂಗಡಿ ಅಲ್ಲಿನ ಸರ್ಕಾರದ ಪಾಲಾಯಿತು. ಹಡಗು ಹತ್ತಿ ಊರಿನ ಕಡೆ ಬಂದರು. ಹಾಳು ಕಾಗದವೂ ಜೊತೆಗೆ ಬಂತು.

ತಾನಾಗಿ ಬೇರೆ ದೇಶದ ಪೌರತ್ವ ಪಡೆದವರಿಗೆ ನಮ್ಮ ಪೌರತ್ವ ಹೋಗುತ್ತದೆ ಎನ್ನುತ್ತದೆ ಕಾಯಿದೆ. ಈಕೆ ತಾನಾಗಿ ಪಡೆದದ್ದಲ್ಲವಲ್ಲ! ನಾನು ಉಬ್ಬಿಹೋದೆ. ಆದರೆ ಅವರು ಪೊಲೀಸ್ ಕಚೇರಿಗೆ ಹೋಗಿ ಕೊಟ್ಟ ಹೇಳಿಕೆಯ ಇಂಗ್ಲಿಷ್ ನಕಲು ತರಿಸಿ ಎರಡೆರಡು ಸಲ ಓದಿದೆ. ತಾನು ವಿದೇಶೀಯಳೆಂದು ಒಪ್ಪಿಕೊಂಡಿದ್ದರು. ಕೆಳಗೆ ಹೆಬ್ಬೆಟ್ಟಿನ ಗುರುತು.

"ಅಲ್ಲಿ ಏನಮ್ಮಾ ಹೇಳಿದ್ರಿ?"

"ಪರದೇಶಿಯೇನಮ್ಮಾ ಅಂತ ಗುಮಾಸ್ತ ಕೇಳ್ದ. ಹೂಂ ಕಣಪ್ಪ, ಗಂಡ ಇಲ್ಲ, ಮಕ್ಳಿಲ್ಲ, ಒಡಹುಟ್ಟಿದ ತಮ್ಮ ಬಾಗ್ಲಲ್ಲೇ ನಿಲ್ಸಿ ಕಳಿಸ್ಬುಟ್ಟ, ಪರದೇಶಿನೇ ಅಂದೆ."

ದಿಕ್ಕಿಲ್ಲದವಳು ಎಂದು ಅವರು ಗೋಳು ತೋಡಿಕೊಂಡರೆ, ಪರದೇಶದವಳು ಎಂದು ಬರೆದುಕೊಂಡಿದ್ದಾನೆ. ಕನ್ನಡದವನೇ! ಅವನ ಕಿವಿ ಹಿಂಡಬೇಕೆನಿಸಿತು.

ಅವರು ಇಲ್ಲಿ ಹುಟ್ಟಿದವರೆಂದು ಹೇಳಬಲ್ಲವನು ಉಳಿದಿದ್ದು ಆ ತಮ್ಮ ಲಿಂಗಯ್ಯ ಒಬ್ಬನೇ. ವಿದ್ಯಾರಣ್ಯಪುರಂನಲ್ಲಿ ಮನೆ, ಸರ್ಕಾರಿ ಜವಾನನ ಕೆಲಸ. ಹೋಗಿ ಸಾಕ್ಷಿ ಹೇಳು ಬಾ ಎಂದೆ.

"ಪೊಲೀಸ್ನೋರ ನೋಟೀಸು ಸ್ವಾಮಿ ಅದು. ಅವಳು ನಮ್ಮಕ್ಕ ಅಂದ್ರೆ ನನ್ನ ಕೆಲ್ಸ ಉಳೀತದಾ?" ಎಂದ. ಬಾಯಿಗೆ ಬಂದಂತೆ ಬೈದೆ. ಬೈದದ್ದೇ ತಪ್ಪಾಯಿತು, ಬಾಗಿಲು ಹಾಕಿಕೊಂಡ.

ಹದಿನಾಲ್ಕನೆಯ ದಿನ ಆ ಕಚೇರಿಯ ಅಧಿಕಾರಿಗಳು ನಮ್ಮ ಅಹವಾಲು ಕೇಳಲು ಒಪ್ಪಿದರು. ಲಿಂಗಯ್ಯನಿಗೂ ಹೇಳಿ ಕಳಿಸಿದ್ದೆ, ಬಂದಿರಲಿಲ್ಲ. ಮೇಜಿನ ಪಕ್ಕ ಅದೇ ಗುಮಾಸ್ತ. ಬರ್ಮಾದ ಕಾಗದ ಗಂಡ ಮಾಡಿಸಿದ್ದು ಎಂದೂ, ಪರದೇಶಿ ಎಂದರೆ ನಮ್ಮ ಮನೆಗಳಲ್ಲಿ ಏನರ್ಥ ಎಂದೂ ಹದಿನೈದು ನಿಮಿಷ ವಾದಿಸಿದೆ.

"ಮಾತಿನ ಅರ್ಥ ಒಪ್ಪಿದೆ ವಕೀಲರೇ," ಎಂದರು ಅವರು. "ಇಲ್ಲಿಯವರು ಅನ್ನೋದಕ್ಕೆ ಸಾಕ್ಷಿ?"

ನನ್ನ ಹತ್ತಿರ ಏನೂ ಇರಲಿಲ್ಲ. ಸುಮ್ಮನೆ ಕಾಗದ ತಿರುವಿ ಹಾಕಿದೆ. ಅಧಿಕಾರಿಗಳು ಫೈಲಿನ ದಾರ ಕಟ್ಟತೊಡಗಿದರು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಲಿಂಗಯ್ಯ! ಜವಾನನ ಡ್ರೆಸ್ಸಿನಲ್ಲೇ ಓಡಿ ಬಂದಿದ್ದ.

"ನಮ್ಮಕ್ಕ ಸ್ವಾಮಿ," ಎಂದ. ಏದುಸಿರು ಬಿಡುತ್ತಿದ್ದ. "ನನ್ನ ಎತ್ತಿ ಆಡ್ಸಿದೋಳು. ಬರ್ಕೊಳಿ. ಕೆಲ್ಸ ಹೋದ್ರೆ ಹೋಗ್ಲಿ."

ಆ ಮನುಷ್ಯನನ್ನು ಬೈದಿದ್ದಕ್ಕೆ ನನಗೆ ನಾಚಿಕೆಯಾಯಿತು.

ನೋಟೀಸನ್ನು ತಡೆಹಿಡಿದು ದೆಹಲಿಗೆ ಹೊಸ ವರದಿ ಕಳಿಸುವುದಾಗಿ ಹೇಳಿ, ಅಧಿಕಾರಿಗಳು ಹೊಸ ಹೇಳಿಕೆ ಬರೆಸಿದರು. ಕೊನೆಗೆ ಕೇಳಿದರು: "ಈಗ ಹೇಳಿ ಅಮ್ಮ, ನೀವು ಪರದೇಶಿಯೇ?"

ದೇವಿರಮ್ಮ ತಮ್ಮನ ಕಡೆ ನೋಡಿದರು. "ಮೊನ್ನೆ ಆಗಿದ್ದೆ ಸ್ವಾಮಿ. ಇವತ್ತಲ್ಲ."

ಗುಮಾಸ್ತನ ಪೆನ್ನು ಆಗಲೇ ಓಡುತ್ತಿತ್ತು. "ಅಯ್ಯೋ, ಅದನ್ನ ಬರೀಬೇಡಿ!" ಎಂದು ಕುರ್ಚಿ ಉರುಳಿಸಿಕೊಂಡು ಎದ್ದೆ.

ಅಧಿಕಾರಿಗಳು ಮೊದಲ ಸಲ ನಕ್ಕರು. "ಅಲ್ಲ ಅಂತ ಮಾತ್ರ ಬರಿಯಯ್ಯ."

ಮಸಿ ಹಚ್ಚಿದ ಹೆಬ್ಬೆರಳು ಕಾಗದದ ಮೇಲೆ ಇಳಿಯಲಿಲ್ಲ. ಲಿಂಗಯ್ಯ ಅಕ್ಕನ ಕೈ ಹಿಡಿದುಕೊಂಡೇ ನಿಂತಿದ್ದ.

"ಬುಡು ಕಣೋ," ಎಂದರು ದೇವಿರಮ್ಮ, "ನಿಂಗೂ ಮಸಿ ಆಯ್ತದೆ."