ಕೆಂಚು, ಕಂದು, ಭೂರಾ

ಮೊನ್ನೆ ಕಪಾಟು ಸ್ವಚ್ಛ ಮಾಡುವಾಗ ನಮ್ಮ ನಾಯಿಯ ಕೊರಳಪಟ್ಟಿ ಸಿಕ್ಕಿತು. ಹಳೆಯ ತೊಗಲಿನ ವಾಸನೆ ಇನ್ನೂ ಹೋಗಿರಲಿಲ್ಲ. ಆದರೆ ನಾಯಿಗಿಂತ ಮೊದಲು ನೆನಪಾದವರು ಕಂಪ್ಯೂಟರ್ ಮೇಡಂ…

ಜೇವರ್ಗಿ ಕಾಲೋನಿಯ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅವರು ಕ್ಲಾಸು ನಡೆಸುತ್ತಿದ್ದರು. ಜಾಲತಾಣದಲ್ಲಿ ಬರೆದದ್ದು ಮನುಷ್ಯರಿಗಷ್ಟೇ ಅಲ್ಲ, ಯಂತ್ರಕ್ಕೂ ಅರ್ಥವಾಗುವ ಹಾಗೆ ಬರೆಯುವುದನ್ನು ಊರಿನಲ್ಲಿ ಆಗ ಕಲಿಸುತ್ತಿದ್ದವರು ಅವರೊಬ್ಬರೇ ಇರಬೇಕು. ಅಭ್ಯಾಸಕ್ಕೆ ಆರಿಸಿಕೊಂಡದ್ದು ನಮ್ಮ ನಮ್ಮ ಮನೆಯ ಸಾಕುಪ್ರಾಣಿಗಳನ್ನು. ನಾನು ನಮ್ಮ ಮೋತಿಯ ಬಗ್ಗೆ ‘ಬಹಳ ಛಲೋ ನಾಯಿ’ ಎಂದು ಬರೆದಿದ್ದೆ.

“ಛಲೋ ಅಂದ್ರ ಮಷೀನಿಗಿ ಏನ್ ತಿಳೀತದವ್ವಾ? ಕಿವಿ ಹ್ಯಾಂಗ ಅದ, ಬಣ್ಣ ಯಾವುದು ಅದ, ಒಂದು ಸಾಲಿಗಿ ಒಂದೇ ಸಂಗತಿ ಬರಿ,” ಎಂದರು.

ಆ ಸಂಜೆ ಮೋತಿಯ ಮುಂದೆ ಕೂತು ಮೊದಲ ಸಲ ಅವನನ್ನು ಸರಿಯಾಗಿ ನೋಡಿದೆ. ಗಂಡು. ಕೆಂಚು ಬಣ್ಣ. ಎಡಗಿವಿಯ ತುದಿ ಹರಿದಿದೆ. ಬಲ ಹಿಂಗಾಲಿನ ಪಾದ ಬಿಳಿ…

ಮೇಡಂ ಅಷ್ಟಕ್ಕೇ ನಿಲ್ಲಲಿಲ್ಲ. ಹತ್ತಿರದ ಕಮಲಾಪುರದ ದನದ ಡಾಕ್ಟರರನ್ನು ಒಪ್ಪಿಸಿ, ಅಲ್ಲಿಗೆ ಬರುವ ಪ್ರಾಣಿಗಳ ವಿವರವನ್ನೂ ಹೀಗೆಯೇ ಬರೆಸುತ್ತಿದ್ದರು. ಅಲ್ಲಿಯದನ್ನೂ ನಮ್ಮದನ್ನೂ ಹೋಲಿಸುವ ಪ್ರೋಗ್ರಾಮ್ ತಾವೇ ಬರೆದರು. ಜನ ಯಾವ ಬಣ್ಣಕ್ಕೆ ಏನನ್ನುತ್ತಾರೆಂದು ನಮ್ಮೂರಿನ ಬ್ರಹ್ಮಪುರದ ಓಣಿ ಓಣಿ ತಿರುಗಿ ಕೇಳಿ, ಕೆಂಚು, ಕಂದು, ಭೂರಾ ಮೂರೂ ಒಂದೇ ಎಂದು ಅದಕ್ಕೆ ತಿಳಿಸಿಕೊಟ್ಟರು. ನಾವು ಮರೆಯಲ್ಲಿ ನಗುತ್ತಿದ್ದೆವು.

ಆ ಬೇಸಿಗೆ ಕಮಲಾಪುರದಲ್ಲಿ ಮಾವನ ಮಗಳ ಮದುವೆ. ಮೋತಿಯನ್ನೂ ಕರೆದೊಯ್ದಿದ್ದೆವು. ಪಟಾಕಿಗೆ ಹೆದರಿ ಕೊರಳಪಟ್ಟಿ ಕಳಚಿಕೊಂಡು ಓಡಿದವನು ಎರಡು ದಿನ ಹುಡುಕಿದರೂ ಸಿಗಲಿಲ್ಲ. ಊರಿಗೆ ಬಂದು ಮೇಡಂ ಮುಂದೆ ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. ಮೋತಿಯ ಪುಟ ತೆರೆದು ‘ಕಳೆದುಹೋಗಿದ್ದಾನೆ’ ಎಂಬ ಸಾಲು ಸೇರಿಸಿದರು, ಅಷ್ಟೇ.

ವಾರದ ಮೇಲೆ ಒಂದು ಬೆಳಿಗ್ಗೆ ಅವರೇ ನಮ್ಮ ಬಾಗಿಲಿಗೆ ಬಂದರು, ಏದುಸಿರು ಬಿಡುತ್ತ.

“ಪ್ರೋಗ್ರಾಮಿನಾಗ ಸಿಕ್ಕದ, ಕಮಲಾಪುರದಾಗ ಒಂದು ನಾಯಿ ಅದ. ಬಣ್ಣ ಭೂರಾ, ಎಡಗಿವಿ ಹರದದ, ಹಿಂದಿನ ಒಂದು ಪಾದ ಬೆಳ್ಳಗ ಅದ. ನಡಿ ನಡಿ!”

ಅವನನ್ನು ಇಟ್ಟುಕೊಂಡಿದ್ದವರು ಬಟ್ಟೆ ಹೊಲಿಯುವ ಒಬ್ಬ ಮುಸ್ಲಿಂ ಹೆಂಗಸು. ಗಾಯವಾಗಿ ರಸ್ತೆಯಲ್ಲಿ ಬಿದ್ದಿದ್ದವನನ್ನು ಡಾಕ್ಟರರ ಹತ್ತಿರ ಒಯ್ದು, ಬಣ್ಣ ಭೂರಾ ಎಂದು ಬರೆಸಿದವರೂ ಅವರೇ. ಮೋತಿ ನನ್ನನ್ನು ಕಂಡು ಕುಣಿದಾಗ ಅವರ ಮುಖ ಇಳಿದುಹೋಯಿತು.

“ಒಯ್ಯಿ ಬೇಟಿ… ನಿಂದೇ ಅದ,” ಎಂದು ಒಳಗೆ ಹೋದರು.

ಮೇಡಂ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದರು. ಮೋತಿಯ ಮಾಲೀಕರು ಎಂಬಲ್ಲಿ ನನ್ನ ಹೆಸರಿನ ಕೆಳಗೆ ಆ ಹೆಂಗಸಿನ ಹೆಸರನ್ನೂ ಬರೆದು, ಅವರನ್ನು ಹೊರಗೆ ಕರೆದರು.

“ಇಲ್ಲಿ ನೋಡ್ರಿ. ಮಾಲೀಕರು ಒಬ್ಬರೇ ಇರಬೇಕಂತ ನಾ ಎಲ್ಲೂ ಬರದಿಲ್ಲರೀ.”

ಅಲ್ಲಿಂದ ಮುಂದೆ ಪ್ರತಿ ರಜೆಯಲ್ಲೂ ಮೋತಿ ಕೆಲವು ದಿನ ಕಮಲಾಪುರದಲ್ಲಿರುತ್ತಿದ್ದ.

ಮೋತಿ ಹೋಗಿ ಎಷ್ಟೋ ವರ್ಷಗಳಾದವು. ಹೋದ ತಿಂಗಳು ಮೇಡಂ ತೀರಿಕೊಂಡರು. ಕಮಲಾಪುರದಿಂದ ಆ ತಾಯಿ ಈಗಲೂ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾರೆ. ನಿನ್ನೆಯೂ ಮಾಡಿದ್ದರು.

“ಮೇಡಂ ಹ್ಯಾಂಗ ಅದಾರ ಬೇಟಿ?”

ಹೇಳಿದೆ. ಆ ಕಡೆ ಹೊಲಿಗೆ ಮಷೀನಿನ ಸದ್ದು ನಿಂತಿತು, ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ…