ಅತ್ತಿಗೆ ಹಾಕಿದ ಬೀಗ

ನಮ್ಮ ಮುದ್ರಣಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ನನ್ನ ಅತ್ತಿಗೆ. ಅಲ್ಲಿ ಅವರಿಗೆ ಬೀಗದಮ್ಮ ಎಂದೇ ಹೆಸರು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ವಾಪಸು ಬಂದು ನೋಡುವ ಜಾಯಮಾನ ಅವರದು.

ಗಿರಾಕಿಗಳು ಪೆನ್‌ಡ್ರೈವ್‌ನಲ್ಲಿ ಪುಟಗಳ ಜೊತೆ ತಮ್ಮ ಫಾಂಟನ್ನೂ ತರುತ್ತಾರೆ. ಪುಟ ಕಟ್ಟುವ ನಾವು ಹಿಂದೆಮುಂದೆ ನೋಡದೆ ಅದನ್ನು ಅಲ್ಲಿಂದಲೇ ಒತ್ತಿ ಹಾಕಿಕೊಳ್ಳುತ್ತಿದ್ದೆವು. ಅದರ ಜೊತೆ ವೈರಸ್ಸು ಬಂದೀತೆಂದು ಅತ್ತಿಗೆ ಬಂದವರೇ ಇದಕ್ಕೆ ಕತ್ತರಿ ಹಾಕಿದರು. ಹೊರಗಿನ ಡ್ರೈವ್‌ನಲ್ಲಿರುವುದನ್ನು ನೋಡಬಹುದು, ಓದಬಹುದು. ಅಲ್ಲಿಂದ ಯಾವ ಪ್ರೋಗ್ರಾಮೂ ಓಡುವಂತಿಲ್ಲ. ಹುಮ್ಮಸ್ಸಿನಲ್ಲಿ ನಾವೆಲ್ಲರೂ ಹಂಚಿಕೊಂಡು ಬಳಸುವ ಡಿಸ್ಕಿಗೂ ಅದೇ ಬೀಗ ಜಡಿದರು. ಪುಟ ಜೋಡಿಸುವ ಪ್ರೋಗ್ರಾಮು ಇದ್ದದ್ದೇ ಅಲ್ಲಿ! ಬೆಳಗಿನಿಂದ ಮಧ್ಯಾಹ್ನದವರೆಗೆ ಯಂತ್ರಗಳು ತೆಪ್ಪಗೆ ನಿಂತವು.

ಯಜಮಾನರು ಕೆಂಡವಾದರು. "ಇನ್ನೊಂದು ಸಲ ಕೆಲಸ ನಿಂತ್ರೆ ನಿನ್ನ ಬೀಗಾನೂ ಇರಲ್ಲ, ನೀನೂ ಇರಲ್ಲ. ನನ್ನ ಕಂಪ್ಯೂಟರಿಗಂತೂ ಇದೆಲ್ಲ ಬೇಡಮ್ಮ!"

ಅಣ್ಣ ಕಾಲು ಮುರಿದುಕೊಂಡು ಮಲಗಿದ್ದ ಕಾಲ ಅದು. ಅತ್ತಿಗೆಯ ಕೆಲಸ ಹೋದರೆ ಮನೆ ನಡೆಯುವುದು ಹೇಗೆಂದು ನನಗೆ ಪುಕಪುಕ.

"ಅತಿಯಾಯ್ತು, ನಂದೇ ತಪ್ಪು" ಎಂದು ಅತ್ತಿಗೆ ನಮ್ಮ ಪ್ರೋಗ್ರಾಮನ್ನು ಬೇರೆ ಜಾಗಕ್ಕೆ ಸರಿಸಿದರು. ಅಲ್ಲಿ ಅದು ಓಡುತ್ತದೆ, ಆದರೆ ನಾವ್ಯಾರೂ ಅಲ್ಲಿ ಏನನ್ನೂ ಬರೆಯುವಂತಿಲ್ಲ. ನಾವು ಬರೆಯುವ ಕಡೆ ಏನೂ ಓಡುವಂತಿಲ್ಲ. ಕೆಲಸ ಸರಾಗವಾಯಿತು. ಆದರೆ ಯಜಮಾನರ ಕಂಪ್ಯೂಟರಿನ ಬೀಗವನ್ನು ಅತ್ತಿಗೆ ತೆಗೆಯಲೇ ಇಲ್ಲ.

"ಬೇಡ ಅಂದ್ರಲ್ಲ ಅತ್ತಿಗೆ?"

"ಗಿರಾಕಿಗಳೆಲ್ಲ ಮೊದ್ಲು ಹೋಗೋದೇ ಅವರ ಹತ್ರ ಕಣೋ. ಮುಂಬಾಗಿಲು ತೆರೆದಿಟ್ಟು ಕಿಟಕಿ ಮುಚ್ಚಿದ್ರೆ ಏನು ಬಂತು?"

ಶಾಲಾ ಪುಸ್ತಕಗಳ ಅವಸರದ ವಾರ. ಹಳೆಯ ಗಿರಾಕಿಯೊಬ್ಬ ಪಕ್ಕದ ಬೀದಿಯ ಮುದ್ರಣಾಲಯಕ್ಕೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ ಬಂದ. ಯಜಮಾನರು ತಾವೇ ಡ್ರೈವ್ ಹಾಕಿ ಫಾಂಟನ್ನು ಒತ್ತಿದರು. ಪರದೆಯ ಮೇಲೆ 'ಅನುಮತಿ ಇಲ್ಲ' ಎಂದು ಬಂತು.

"ಬೀಗದಮ್ಮಾ!"

ಮತ್ತೆ ಕೆಲಸ ನಿಂತಿತಲ್ಲ ಎಂದು ನಾನೂ ಓಡಿದೆ. ಅತ್ತಿಗೆ ಬಂದು ನಿಧಾನವಾಗಿ ಕಡತ ನೋಡಿದರು. "ಇದು ಫಾಂಟಲ್ಲ ಸಾರ್. ಫಾಂಟಿನ ಹೆಸರಿಟ್ಟುಕೊಂಡಿರೋ ಯಾವುದೋ ಪ್ರೋಗ್ರಾಮು."

ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು. ಪಕ್ಕದ ಬೀದಿಯವರು. ಗಿರಾಕಿಗೆ ಗೊತ್ತೇ ಇಲ್ಲದೆ ಅವನ ಡ್ರೈವ್‌ನಲ್ಲಿ ಏನೋ ವೈರಸ್ಸು ಸೇರಿಕೊಂಡಿತ್ತಂತೆ. ಅದನ್ನು ಒತ್ತಿದ ಮೇಲೆ ಅವರ ಒಂದು ಕಡತವೂ ತೆರೆಯುತ್ತಿಲ್ಲವಂತೆ. ನಮ್ಮಲ್ಲಿ ಒಂದು ಅಕ್ಷರವೂ ಕೊಂಕಿರಲಿಲ್ಲ. ಎದ್ದು ಕುಣಿಯಬೇಕೆನಿಸಿತು ನನಗೆ.

ಯಜಮಾನರು ಫೋನಿಟ್ಟು ಬೆವರು ಒರೆಸಿಕೊಂಡರು. "ನನ್ನದಕ್ಕೆ ಬೇಡ ಅಂದಿದ್ದೆನಲ್ಲಮ್ಮ?"

"ಹೌದು ಸಾರ್." ಅತ್ತಿಗೆ ಕೀಲಿಮಣೆಯ ಮೇಲೆ ಕೈಯಿಟ್ಟರು. "ಈಗ ತೆಗೀಲಾ?"

"ಮುಟ್ಟಿದ್ರೆ ನೋಡು!"